ಕುಂದಗೋಳದ ಳ, ರೀಗಾದ ಲ್ಯ

ಕ ಖ ಗ ಘ ಙ ಮುಗಿದ ಮೇಲೆ ಚ ಯಾಕೆ ಬರಬೇಕು, ಆಮೇಲೆ ಟ, ತ, ಪ ಯಾಕೆ ಅಂತ ನಿಮ್ಮ ಸರ್‌ಗೋ ಅಕ್ಕೋರಿಗೋ ಎಂದಾದರೂ ಕೇಳಿದ್ದೀರಾ? ಈಗ ನಿಧಾನವಾಗಿ ಹೇಳಿ ನೋಡಿ: ಕ, ಚ, ಟ, ತ, ಪ. ‘ಕ’ ಗಂಟಲ ಹತ್ತಿರ ಹುಟ್ಟಿತು. ‘ಚ’ಗೆ ನಾಲಿಗೆಯ ನಡುಭಾಗ ಅಂಗಳಕ್ಕೆ ತಾಗಿತು. ‘ಟ’ದಲ್ಲಿ ತುದಿ ಮೇಲಕ್ಕೆ ಮಡಚಿತು, ‘ತ’ದಲ್ಲಿ ಹಲ್ಲನ್ನು ಮುಟ್ಟಿತು, ‘ಪ’ ತುಟಿಯಲ್ಲಿ ಮುಗಿಯಿತು. ನಮ್ಮ ವರ್ಣಮಾಲೆ ಬಾಯಿಯ ನಕಾಶೆ.

ಇದೇ ನಕಾಶೆ ಹಿಡಿದು ದೂರದ ಲಾಟ್ವಿಯನ್ ಭಾಷೆಯೊಳಗೆ ಸ್ವಲ್ಪ ಓಡಾಡೋಣ. ಲಾಟ್ವಿಯ ಬಾಲ್ಟಿಕ್ ಸಮುದ್ರದ ದಂಡೆಯ ದೇಶ, ರಾಜಧಾನಿ ರೀಗಾ. ಇಡೀ ದೇಶದ ಜನ ಸುಮಾರು 19 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಧಾರವಾಡ ಜಿಲ್ಲೆಯೊಂದರಲ್ಲೇ 18 ಲಕ್ಷ 47 ಸಾವಿರ ಮಂದಿ ಇದ್ದರು!

ಗೆಳೆಯರು ಎದುರಾದರೆ ಅಲ್ಲಿ ‘ಸ್ವೆಯ್ಕಿ’ ಅನ್ನುತ್ತಾರೆ. ಹಗಲಿನಲ್ಲಿ ದೊಡ್ಡವರಿಗೆ ‘ಲಬ್ದಿಯೆನ್’. ಉಪಕಾರ ಮಾಡಿದವರಿಗೆ ‘ಪಲ್ದಿಯೆಸ್’. ಒತ್ತು ಸಾಮಾನ್ಯವಾಗಿ ಪದದ ಮೊದಲಿಗೇ ಬೀಳುತ್ತದೆ. ಆದರೆ ಪಲ್ದಿಯೆಸ್, ಲಬ್ದಿಯೆನ್ ಥರದ ಕೆಲವು ಪದಗಳು ಈ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ. ಅಲ್ಲಿ ‘ದಿ’ಯನ್ನು ಒತ್ತಬೇಕು.

ಒಂದು ತೆಳ್ಳನೆಯ ಕಾಗದದ ಚೂರನ್ನು ತುಟಿಯ ಮುಂದೆ ಹಿಡಿದು ‘ಪ’ ಅನ್ನಿ. ಕಾಗದ ಹೆಚ್ಚು ಅಲುಗುವುದಿಲ್ಲ. ಈಗ ಎರಡೂ ತುಟಿ ಕೂಡಿಸಿ ‘ಫ’ ಅನ್ನಿ. ಉಸಿರು ನುಗ್ಗಿ ಕಾಗದ ಹಾರುತ್ತದೆ. ಇಂಗ್ಲಿಷ್ ಮನೆಮಾತಿನವರು ಪದದ ಮೊದಲ ‘ಪ’ಕ್ಕೆ ಗೊತ್ತಿಲ್ಲದೆಯೇ ಇಂಥ ಉಸಿರು ಸೇರಿಸುತ್ತಾರೆ. ಲಾಟ್ವಿಯನ್ ‘ಪಲ್ದಿಯೆಸ್’ಗೆ ಅದು ಬೇಡ, ನಮ್ಮ ‘ಪ’ವೇ ಸಾಕು. ಅವರ ತ, ದ ಕೂಡ ನಮ್ಮವುಗಳಂತೆ ಹಲ್ಲಿಗೆ ತಾಗಿಯೇ ಹುಟ್ಟುತ್ತವೆ.

ಇನ್ನು ಗಂಟಲ ಮೇಲೆ ಬೆರಳಿಡಿ. ‘ಸ್ಸ್ಸ್’ ಅಂದರೆ ಗಂಟಲು ಸುಮ್ಮನಿರುತ್ತದೆ. ನಾಲಿಗೆ ಕದಲಿಸದೆ ಅದರೊಳಗೆ ದುಂಬಿಯ ಗುಂಯ್‌ಗಾಟ ಸೇರಿಸಿ. ಬೆರಳಿಗೆ ನಡುಕ ಗೊತ್ತಾಯಿತೇ? ಗಂಟಲ ಧ್ವನಿತಂತುಗಳು ಕಂಪಿಸುವುದರಿಂದ ‘ಸ’ ಹೋಗಿ ‘ಜ಼’ ಬಂತು. ಲಾಟ್ವಿಯನ್‌ನಲ್ಲಿ ‘ಕಜ಼ಸ್’ ಅಂದರೆ ಆಡುಗಳು, ‘ಕಾಜ಼ಸ್’ ಅಂದರೆ ಮದುವೆ. ಬರೆಯುವಾಗ ದೀರ್ಘಕ್ಕೆ ಅಕ್ಷರದ ನೆತ್ತಿಯ ಮೇಲೆ ಅಡ್ಡಗೆರೆ ಎಳೆಯುತ್ತಾರೆ. ಗೆರೆ ಮರೆತರೆ ಮದುವೆಯ ಕರೆಯೋಲೆಯಲ್ಲಿ ಆಡುಗಳು ನಿಂತಿರುತ್ತವೆ! ಅಡು, ಆಡು ಎರಡನ್ನೂ ಬೇರೆ ಮಾಡಿ ಬಳಸುವ ನಮಗೆ ಇದೇನು ಹೊಸದಲ್ಲ.

ಕಷ್ಟ ಬರುವುದು ‘ಲ್ಯೊತಿ’ಯಲ್ಲಿ. ‘ಬಹಳ’ ಅಂತ ಅರ್ಥ. ಇಲ್ಲಿನ ಮೊದಲ ಧ್ವನಿ ನಮ್ಮ ಲ ಅಲ್ಲ, ಳ ಅಂತೂ ಅಲ್ಲವೇ ಅಲ್ಲ. ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಬಿಟ್ಟು, ನಡುಭಾಗವನ್ನು ಅಂಗಳಕ್ಕೆ ಒತ್ತಿ ‘ಲ’ ಅನ್ನಬೇಕು. ಅಂದರೆ ‘ಚ’ದ ಜಾಗದಲ್ಲಿ ಕೂತ ‘ಲ’. ಅದೇ ಜಾಗದ ‘ಞ’ವನ್ನು ನಾವು ಬಾಯಿಪಾಠ ಮಾಡಿ ಬಿಟ್ಟುಬಿಡುತ್ತೇವೆ, ‘ಮಂಜು’ ಪದದಲ್ಲಿ ಅದು ಸೊನ್ನೆಯ ವೇಷ ಹಾಕಿ ಅಡಗಿರುತ್ತದೆ. ಲಾಟ್ವಿಯನ್‌ನಲ್ಲಿ ಪದ ಶುರುವಾಗುವುದೇ ಅದರಿಂದ: ‘ಞೆಮ್ತ್’, ಅಂದರೆ ತೆಗೆದುಕೊಳ್ಳುವುದು.

ಈಗ ಆಟ ತಿರುಗಿಸೋಣ. ರೀಗಾದ ಹುಡುಗಿಯೊಬ್ಬಳು ನಮ್ಮ ತಾಲ್ಲೂಕುಗಳ ಹೆಸರು ಓದಲಿ. ನವಲಗುಂದ ಸಲೀಸಾಗಿ ದಾಟುತ್ತಾಳೆ. ಕಲಘಟಗಿಯಲ್ಲಿ ‘ಘ’ ಮತ್ತು ‘ಟ’, ಅಣ್ಣಿಗೇರಿಯಲ್ಲಿ ‘ಣ್ಣ’, ಕುಂದಗೋಳದಲ್ಲಿ ‘ಳ’ ಅಡ್ಡ ಬರುತ್ತವೆ. ನಾಲಿಗೆ ಮಡಚುವ ಅಕ್ಷರಗಳಾಗಲಿ, ಉಸಿರು ಸೇರಿಸಿ ಹೇಳುವ ‘ಘ’ ಆಗಲಿ ಅವಳ ಭಾಷೆಯಲ್ಲಿಲ್ಲ.

ಹಾಗಾಗಿ ‘ಟ’, ‘ತ’ಗಳ ವ್ಯತ್ಯಾಸ ಅವಳ ಕಿವಿಗೂ ಸುಲಭವಾಗಿ ಹತ್ತುವುದಿಲ್ಲ. ಆದರೆ ಹುಟ್ಟುವಾಗ ಅವಳ ಕಿವಿ ಹೀಗಿರಲಿಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ‘ಟ’ ಮತ್ತು ‘ತ’ ಕೇಳಿಸಿದರು. ಧ್ವನಿ ಬದಲಾದಾಗ ಕೂಸು ತಿರುಗಿ ನೋಡಿದರೆ ಒಂದು ಆಟಿಕೆ ಬೆಳಗುತ್ತಿತ್ತು. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳಿಗೆ ಬರುವಷ್ಟರಲ್ಲಿ ಬಹುತೇಕ ಕೂಸುಗಳಿಗೆ ಎರಡೂ ಒಂದೇ. ಮನೆಯಲ್ಲಿ ಕೇಳಿಸದ ವ್ಯತ್ಯಾಸವನ್ನು ಕಿವಿ ಅಷ್ಟರಲ್ಲೇ ಬದಿಗಿಟ್ಟಿರುತ್ತದೆ. ಹಾಗಂತ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಆಮೇಲೆ ಹೆಚ್ಚು ಶ್ರಮ ಬೇಕು ಅಷ್ಟೇ. ಜರ್ಮನ್ ಮಾತಾಡುತ್ತ ಬೆಳೆದ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಕನ್ನಡ ನಾಡಿಗೆ ಬಂದಾಗ ಅವರಿಗೆ 21 ವರ್ಷ, ಮತ್ತು ಜರ್ಮನ್‌ನಲ್ಲಿ ‘ಳ’ ಇಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ ನಿಘಂಟಿನಲ್ಲಿ ಸುಮಾರು 70 ಸಾವಿರ ಪದಗಳಿವೆ. ‘ಳ’ ಹಾಗಿರಲಿ, ನಾವೇ ಆಡುವುದನ್ನು ಬಿಟ್ಟ ಹಳಗನ್ನಡದ ಱ, ೞ ಅಕ್ಷರಗಳನ್ನೂ ಅವರು ಅದರಲ್ಲಿ ಗುರುತಿಸಿ ಇಟ್ಟಿದ್ದಾರೆ.