ತಂದೆ ತಿರುಗಿ ನೋಡದ ಮಗ



ಒಂದೇ ಮನೆಯಲ್ಲಿ ಬೆಳೆದ ಇಬ್ಬರು ಹುಡುಗರು. ಒಬ್ಬನನ್ನು ಊರೆಲ್ಲ ಮೆಚ್ಚುತ್ತದೆ. ಇನ್ನೊಬ್ಬನನ್ನು ಕಂಡರೆ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಆ ಇನ್ನೊಬ್ಬ ಹುಟ್ಟಿನಿಂದಲೇ ಕೆಟ್ಟವನೆ? ಅಥವಾ ಮನೆಯೇ ಅವನನ್ನು ಹಾಗೆ ಮಾಡಿತೆ? ಮನಶ್ಶಾಸ್ತ್ರ ಹುಟ್ಟುವ ಮೊದಲಿನಿಂದಲೂ ಸಾಹಿತ್ಯ ಈ ಪ್ರಶ್ನೆಯನ್ನು ಕೇಳುತ್ತ ಬಂದಿದೆ. ಇದೇ ಪ್ರಶ್ನೆಯನ್ನು ಹೊತ್ತು ನಿಂತ ಒಂದು ಪಾತ್ರವನ್ನು ಇಂದು ನಿಮಗೆ ಪರಿಚಯಿಸಬೇಕೆಂದಿದ್ದೇನೆ. ಅವನ ಹೆಸರು ಕೇಲಬ್ ಟ್ರಾಸ್ಕ್. ಮನೆಯಲ್ಲಿ ಕರೆಯುವುದು ಕ್ಯಾಲ್ ಎಂದು. ಜಾನ್ ಸ್ಟೈನ್‌ಬೆಕ್ 1952ರಲ್ಲಿ ಪ್ರಕಟಿಸಿದ 'ಈಸ್ಟ್ ಆಫ್ ಈಡನ್' ಕಾದಂಬರಿಯಲ್ಲಿ ಅವನು ನಮಗೆ ಸಿಗುತ್ತಾನೆ.

ಸ್ಟೈನ್‌ಬೆಕ್ 1902ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಲೀನಸ್ ಎಂಬ ಊರಿನಲ್ಲಿ ಹುಟ್ಟಿದವನು. 1962ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವನು. ತಾನು ಹುಟ್ಟಿದ ಆ ಕಣಿವೆಯ ಕಥೆಯನ್ನು ತನ್ನ ಇಬ್ಬರು ಚಿಕ್ಕ ಗಂಡುಮಕ್ಕಳಿಗಾಗಿ ಬರೆದಿಡಬೇಕೆಂಬ ಆಸೆಯಿಂದ ಅವನು ಈ ಕೃತಿಯನ್ನು ಕೈಗೆತ್ತಿಕೊಂಡ. ಇಬ್ಬರು ಗಂಡುಮಕ್ಕಳ ತಂದೆಯೊಬ್ಬ ಇಬ್ಬರು ಗಂಡುಮಕ್ಕಳ ದುರಂತವನ್ನು ಬರೆದ ಎಂಬುದನ್ನು ನೆನಪಿನಲ್ಲಿಡಿ.

ಕ್ಯಾಲ್ ಮತ್ತು ಆರನ್ ಅವಳಿಗಳು. ಅವರು ಇನ್ನೂ ಹಸುಗೂಸುಗಳಾಗಿದ್ದಾಗಲೇ ತಾಯಿ ಕ್ಯಾಥಿ, ತಡೆಯಲು ಬಂದ ಗಂಡನ ಭುಜಕ್ಕೆ ಗುಂಡು ಹಾರಿಸಿ ಮನೆ ಬಿಟ್ಟು ಹೋದಳು. ತಂದೆ ಆ್ಯಡಮ್ ಕ್ರೂರಿಯಲ್ಲ, ಕುಡುಕನಲ್ಲ. ಆದರೆ ಹೆಂಡತಿ ಹೋದ ದುಃಖದಲ್ಲಿ ಅವನಿಗೆ ಮಕ್ಕಳೇ ಕಾಣದಾದರು. ಒಂದು ವರ್ಷ ಕಳೆದರೂ ಅವುಗಳಿಗೆ ಹೆಸರಿಡಲಿಲ್ಲ ಎಂದರೆ ಅವನ ಮರೆವು ಎಂಥದೆಂದು ನೀವೇ ಊಹಿಸಿ. ಕೊನೆಗೆ ನೆರೆಯ ಸ್ಯಾಮ್ಯುಯಲ್ ಹ್ಯಾಮಿಲ್ಟನ್ ಬಂದು, ಆ್ಯಡಮ್‌ನನ್ನು ಹೊಡೆದು ಎಚ್ಚರಿಸಿ, ಹೆಸರಿಡುವಂತೆ ಮಾಡಬೇಕಾಯಿತು. ಮಕ್ಕಳನ್ನು ಸಾಕಿ ಬೆಳೆಸಿದವನು ಮನೆಯ ಚೀನೀ ಅಡಿಗೆಯಾಳು ಲೀ. ಹೊಡೆತ ಬಡಿತಗಳಿದ್ದರೆ ಮಾತ್ರ ಮಕ್ಕಳಿಗೆ ಅನ್ಯಾಯವಾಗುತ್ತದೆಂದು ನಾವು ತಿಳಿಯುತ್ತೇವೆ. ಕಣ್ಣೆದುರಿಗಿದ್ದೂ ಕಾಣದಿರುವುದು ಅದಕ್ಕಿಂತ ಸಣ್ಣ ಅನ್ಯಾಯವಲ್ಲ.

ಆರನ್ ಚೆಲುವ. ಹೊಂಬಣ್ಣದ ಕೂದಲು, ಮುಗ್ಧ ಮುಖ, ನೋಡಿದವರೆಲ್ಲ ಒಲಿಯುತ್ತಾರೆ. ಕ್ಯಾಲ್ ಕಪ್ಪು ಕೂದಲಿನ, ಮಾತು ಕಡಿಮೆಯ, ಎಲ್ಲವನ್ನೂ ಓರೆನೋಟದಿಂದ ಅಳೆಯುವ ಹುಡುಗ. ತನಗೆ ಪ್ರೀತಿ ಸಿಗದಿರುವುದನ್ನು ಬಲು ಬೇಗ ಅರಿತವನು ಆ ನೋವನ್ನು ಕೆಣಕುವ ಮಾತುಗಳಲ್ಲಿ ತೀರಿಸಿಕೊಳ್ಳುತ್ತಾನೆ. ಆದರೆ ರಾತ್ರಿ ಒಬ್ಬನೇ ಇರುವಾಗ, ತನ್ನನ್ನೂ ಆರನ್‌ನಂತೆ ಮಾಡು ಎಂದು ದೇವರಲ್ಲಿ ಬೇಡುತ್ತಾನೆ. ದ್ವೇಷಿಸುವವನಂತೆಯೇ ಆಗಬೇಕೆಂಬ ಹಂಬಲ! ಒಡಹುಟ್ಟಿದವರ ಮೇಲಿನ ಮತ್ಸರದ ಒಳಗುಟ್ಟು ಇದರಲ್ಲಿದೆ. ಕ್ಯಾಲ್‌ಗೆ ತಮ್ಮನೋ ಅಣ್ಣನೋ ಆದ ಆರನ್ ಬೇಡವಾಗಿರಲಿಲ್ಲ. ಆರನ್‌ನ ಮೇಲೆ ಬೀಳುತ್ತಿದ್ದ ತಂದೆಯ ದೃಷ್ಟಿ ಬೇಕಾಗಿತ್ತು.

ಈಗ ಕಥೆಯ ನಡುಗಂಟಿಗೆ ಬರೋಣ. ಆ್ಯಡಮ್ ಎಲೆಕೋಸಿನಂಥ ಲೆಟಿಸ್ ಸೊಪ್ಪನ್ನು ಮಂಜುಗಡ್ಡೆಯಲ್ಲಿಟ್ಟು ರೈಲಿನಲ್ಲಿ ದೂರದ ಪೂರ್ವ ತೀರಕ್ಕೆ ಕಳಿಸಲು ಹೋಗಿ ಅಪಾರ ಹಣ ಕಳೆದುಕೊಳ್ಳುತ್ತಾನೆ. ಆ ನಷ್ಟವನ್ನು ತಾನು ತುಂಬಿಕೊಡಬೇಕೆಂದು ಕ್ಯಾಲ್ ಪಣ ತೊಡುತ್ತಾನೆ. ಲೀ ತನ್ನ ಉಳಿತಾಯದಿಂದ 5,000 ಡಾಲರು ಕೊಡುತ್ತಾನೆ. ಅದು ಮೊದಲ ಮಹಾಯುದ್ಧದ ಕಾಲ. ಕಾಳಿನ ಬೆಲೆ ಏರುತ್ತಿತ್ತು. ಕ್ಯಾಲ್ ಪಾಲುಗಾರನೊಬ್ಬನೊಡನೆ ಬೀನ್ಸ್ ಕಾಳಿನ ವ್ಯಾಪಾರ ಮಾಡಿ 15,000 ಡಾಲರು ಕೂಡಿಸುತ್ತಾನೆ. 1917ರ ಕೃತಜ್ಞತಾ ಹಬ್ಬದ ದಿನ, ಎಲ್ಲರೂ ಊಟಕ್ಕೆ ಕುಳಿತಾಗ, ಆ ನೋಟುಗಳನ್ನು ತಂದೆಯ ಮುಂದಿಡುತ್ತಾನೆ.

ತಂದೆ ಅದನ್ನು ಮುಟ್ಟುವುದಿಲ್ಲ. ಹುಡುಗರನ್ನು ಆರಿಸಿ ಯುದ್ಧಕ್ಕೆ ಕಳಿಸುವ ಸಮಿತಿಯಲ್ಲಿ ಅವನು ಸದಸ್ಯ. ಅವರು ಸಾಯುತ್ತಿರುವಾಗ ಯುದ್ಧದಿಂದ ಬಂದ ಲಾಭ ತನಗೆ ಬೇಡ, ರೈತರಿಗೆ ಹಿಂತಿರುಗಿಸು ಎನ್ನುತ್ತಾನೆ. ನ್ಯಾಯದ ಮಾತೇ ಸರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಆದರೆ ಅವನು ಮುಂದುವರಿದು, ಓದಿನಲ್ಲಿ ಮುಂದೆ ಹೋಗಿರುವ ಆರನ್ ಕೊಟ್ಟಂಥ ಸಂತೋಷವನ್ನು ನೀನು ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂಬರ್ಥದ ಮಾತಾಡಿಬಿಡುತ್ತಾನೆ. ಹಣ ಬೇಡವೆಂದದ್ದನ್ನು ಕ್ಯಾಲ್ ತಾಳಿಕೊಳ್ಳಬಹುದಿತ್ತು. ಹೋಲಿಕೆಯನ್ನು ತಾಳಲಾರದೆ ಹೋದ.

ಅಂದೇ ರಾತ್ರಿ ಕ್ಯಾಲ್ ಸೇಡು ತೀರಿಸಿಕೊಂಡ. ತಾಯಿ ಸತ್ತಿದ್ದಾಳೆಂದೇ ಆರನ್ ನಂಬಿದ್ದ. ಆಕೆ ಅದೇ ಊರಿನಲ್ಲಿ ವೇಶ್ಯಾಗೃಹ ನಡೆಸುತ್ತಿರುವುದು ಕ್ಯಾಲ್‌ಗೆ ತಿಳಿದಿತ್ತು. ಆರನ್‌ನನ್ನು ನೇರವಾಗಿ ಅಲ್ಲಿಗೆ ಕರೆದೊಯ್ದ. ಆ ಆಘಾತ ತಡೆಯಲಾರದೆ ಆರನ್ ಸೈನ್ಯ ಸೇರಿದ, ಯುದ್ಧದಲ್ಲಿ ಸತ್ತ. ಸುದ್ದಿ ಕೇಳಿ ತಂದೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ. ಇತ್ತ ಕ್ಯಾಲ್ ಆ ನೋಟುಗಳನ್ನು ಒಂದೊಂದಾಗಿ ಸುಟ್ಟಿದ್ದ.

ಬೈಬಲ್ ಓದಿದವರಿಗೆ ಇದರ ಮೂಲ ಹೊಳೆದಿರಬೇಕು. ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ದೇವರು ಹೇಬೆಲನ ಕಾಣಿಕೆಯನ್ನು ಒಪ್ಪುತ್ತಾನೆ, ಕಾಯಿನನ ಕಾಣಿಕೆಯನ್ನು ಒಪ್ಪುವುದಿಲ್ಲ. ಕಾಯಿನ ತಮ್ಮನನ್ನು ಕೊಲ್ಲುತ್ತಾನೆ. ಸ್ಟೈನ್‌ಬೆಕ್ ಈ ಕಥೆಯನ್ನು ಎರಡು ತಲೆಮಾರುಗಳಲ್ಲಿ ಹೇಳುತ್ತಾನೆ. ಆ್ಯಡಮ್‌ನ ಬಾಲ್ಯದಲ್ಲಿ ಅವನ ಸೋದರ ಚಾರ್ಲ್ಸ್ ಕಷ್ಟಪಟ್ಟು ದುಡಿದು ತಂದೆಗೆ ಒಂದು ಚಾಕು ಕೊಂಡು ಕೊಟ್ಟಿದ್ದ. ಆ್ಯಡಮ್ ಎಲ್ಲೋ ಸಿಕ್ಕಿದ ನಾಯಿಮರಿಯನ್ನು ಕೊಟ್ಟಿದ್ದ. ತಂದೆ ಮೆಚ್ಚಿದ್ದು ನಾಯಿಮರಿಯನ್ನು. ಚಾರ್ಲ್ಸ್ ಸಿಟ್ಟಿಗೆದ್ದು ಆ್ಯಡಮ್‌ನನ್ನು ಸಾಯುವಂತೆ ಬಡಿದ. ಪಕ್ಷಪಾತದ ಫಲವನ್ನು ತನ್ನ ಮೈಮೇಲೆ ಉಂಡವನೇ ಮುಂದೆ ತನ್ನ ಮಕ್ಕಳಲ್ಲಿ ಅದನ್ನೇ ಬಿತ್ತಿದ. ಮನೆಯ ಆಸ್ತಿಯಂತೆ ಮನೆಯ ತಪ್ಪೂ ವಂಶಪಾರಂಪರ್ಯವಾಗಿ ಇಳಿಯಬಲ್ಲುದು.

ಹಾಗಾದರೆ ಕ್ಯಾಲ್ ನಿರಪರಾಧಿಯೆ? ಈ ಪ್ರಶ್ನೆಗೆ ಉತ್ತರ ಲೀಯ ಬಳಿ ಇದೆ. ತಾಯಿಯ ಕೆಟ್ಟ ರಕ್ತ ತನ್ನಲ್ಲಿದೆ, ಅದಕ್ಕೇ ತಾನು ಹೀಗೆ ಎಂದು ಕ್ಯಾಲ್ ಹೇಳಿದಾಗ ಲೀ ಕನಿಕರ ತೋರುವುದಿಲ್ಲ, ಗದರುತ್ತಾನೆ. ರಕ್ತದ ನೆಪ ಹೂಡಿ ತಪ್ಪಿಸಿಕೊಳ್ಳಬೇಡ, ಮಾಡಿದ್ದಕ್ಕೆ ನೀನೇ ಹೊಣೆ ಎನ್ನುವುದು ಅವನ ನಿಲುವು. ದೇವರು ಕಾಯಿನನಿಗೆ ಪಾಪದ ಬಗ್ಗೆ ಹೇಳಿದ ಮಾತಿನಲ್ಲಿ ಒಂದು ಹೀಬ್ರೂ ಪದವಿದೆ. ಕಾದಂಬರಿಯಲ್ಲಿ ಅದು 'ತಿಮ್‌ಶೆಲ್'; ಹೀಬ್ರೂ ಬಲ್ಲವರು 'ತಿಮ್‌ಶೋಲ್' ಎನ್ನುತ್ತಾರೆ. ಇಂಗ್ಲಿಷಿನ ಒಂದು ಅನುವಾದದಲ್ಲಿ ಅದು ಭರವಸೆಯಾಗಿದೆ: ಪಾಪವನ್ನು ಗೆದ್ದೇ ಗೆಲ್ಲುವೆ ಎಂದು. ಇನ್ನೊಂದರಲ್ಲಿ ಆಜ್ಞೆ: ಗೆಲ್ಲು ಎಂದು. ಲೀ ಮತ್ತು ಅವನ ಬಳಗದ ವೃದ್ಧ ಚೀನೀ ಪಂಡಿತರು ಹೀಬ್ರೂ ಕಲಿತು ಕಂಡುಕೊಂಡ ಅರ್ಥವೇ ಬೇರೆ: ಗೆಲ್ಲಬಹುದು. ಬೇಕಾದರೆ ಗೆಲ್ಲಬಹುದು, ಆಯ್ಕೆ ನಿನ್ನದು.

ಕೊನೆಯ ಪುಟದಲ್ಲಿ ಲೀ ಕ್ಯಾಲ್‌ನನ್ನು ತಂದೆಯ ಹಾಸಿಗೆಯ ಬಳಿಗೆ ತಂದು ನಿಲ್ಲಿಸಿ, ಇವನನ್ನು ಹರಸು ಎಂದು ಕೇಳಿಕೊಳ್ಳುತ್ತಾನೆ. ಮಾತು ನಿಂತುಹೋಗಿರುವ ಆ್ಯಡಮ್ ಪ್ರಯಾಸದಿಂದ ಉಸುರುವುದು ಆ ಒಂದೇ ಪದವನ್ನು. ಜೀವಮಾನವಿಡೀ ಮಗನಿಗೆ ಕೊಡದಿದ್ದುದನ್ನು ತಂದೆ ಒಂದು ಪದದಲ್ಲಿ ಕೊಡುತ್ತಾನೆ.

1955ರಲ್ಲಿ ಎಲಿಯಾ ಕಜಾನ್ ಈ ಕಾದಂಬರಿಯ ಕೊನೆಯ ಭಾಗವನ್ನು ಚಲನಚಿತ್ರವಾಗಿಸಿದ. ಕ್ಯಾಲ್ ಪಾತ್ರದಲ್ಲಿ ಜೇಮ್ಸ್ ಡೀನ್ ಹೆಸರಾದ. ಆದರೆ ಆ ಚಿತ್ರದಲ್ಲಿ ಲೀ ಇಲ್ಲ. ಆದ್ದರಿಂದ ಚಿತ್ರ ನೋಡಿದವರೂ ಪುಸ್ತಕ ಓದಬೇಕು.

ಮಿತ್ರರೆ, ನಿಮ್ಮಲ್ಲಿ ಕೆಲವರಿಗೆ ಅಣ್ಣನ ಅಂಕಗಳನ್ನೋ ತಂಗಿಯ ಜಾಣತನವನ್ನೋ ದಿನವೂ ಮುಂದಿಟ್ಟು ಅಳೆಯುವವರಿರಬಹುದು. ಆ ನೋವು ಸುಳ್ಳಲ್ಲ ಎಂದು ಕ್ಯಾಲ್‌ನ ಕಥೆ ಹೇಳುತ್ತದೆ. ಆ ನೋವನ್ನು ಒಡಹುಟ್ಟಿದವರ ಮೇಲೆ ತಿರುಗಿಸಿದರೆ ಏನಾಗುತ್ತದೆಂದೂ ಹೇಳುತ್ತದೆ. ಅಳೆಯುವ ಕೋಲು ಹಿಡಿದವನು ಆರನ್ ಅಲ್ಲ. ಮೆಚ್ಚುಗೆಯಲ್ಲೇ ಬೆಳೆದು, ಒಂದು ಕಹಿ ಸತ್ಯವನ್ನೂ ತಾಳಲಾರದೆ ಹೋದ ಅವನೂ ಆ ಮನೆಯ ಬಲಿಯೇ. ನಾಳೆ ನೀವು ತಂದೆತಾಯಿಗಳಾಗುವಿರಿ, ಅಧ್ಯಾಪಕರಾಗುವಿರಿ. ಆಗ ಒಂದು ಮಗು ತನ್ನ ಕಾಣಿಕೆಯನ್ನು ನಿಮ್ಮ ಮುಂದೆ ಹಿಡಿದಾಗ, ಬೇಡವೆನ್ನಬೇಕಾದರೂ ಮೊದಲು ಆ ಮಗುವಿನ ಮುಖವನ್ನು ನೋಡಿ.