ಕಾರ್ಮಿಕರ ಮಕ್ಕಳಿಗೆ ಚೆಂಡಾಟವೋ, ವಿಮಾನ ವಿದ್ಯೆಯೋ?

(ಕಾಚಿಗುಡದಲ್ಲಿ ನಡೆದ ಸದಸ್ಯರ ಮತ್ತು ಅವರ ವಿದ್ಯಾರ್ಥಿ ಮಕ್ಕಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಎಂಟನೆಯ ತರಗತಿ ಮುಗಿಸಿ ಹೋಟೆಲಿಗೆ ಸೇರಿದವನು. ಟೇಬಲು ಒರೆಸಿದ್ದೇನೆ, ಸಪ್ಲೈ ಮಾಡಿದ್ದೇನೆ, ಈಗ ಸಂಘದ ಕೆಲಸದಲ್ಲಿದ್ದೇನೆ. ವಿಮಾನದ ವಿಷಯ ಮಾತನಾಡಲು ಇವನು ಯಾರು ಎಂದು ನಿಮ್ಮಲ್ಲಿ ಕೆಲವರು ಅಂದುಕೊಂಡರೆ ತಪ್ಪಿಲ್ಲ. ಆದರೆ ಪ್ರಶ್ನೆ ನಮ್ಮ ಮನೆ ಬಾಗಿಲಿಗೇ ಬಂದಿದೆ. ನಮ್ಮ ಸದಸ್ಯರೊಬ್ಬರು ಸಪ್ಲೈಯರ್ ಆಗಿ ಇಪ್ಪತ್ತು ವರ್ಷ ದುಡಿದವರು. ಅವರ ಮಗ ಇಂಟರ್ ಎರಡನೆಯ ವರ್ಷದಲ್ಲಿದ್ದಾನೆ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಮುಂದಾಳು. ಬೆಳಿಗ್ಗೆ ಸಂಜೆ ಎರಡೆರಡು ಗಂಟೆ ಶಿಬಿರಕ್ಕೆ ಬಾ ಎಂದು ಕೋಚ್ ಕರೆದಿದ್ದಾರೆ. ಅದೇ ಹೊತ್ತಿಗೆ ಯಾರೋ ಸ್ನೇಹಿತ ವಿಮಾನ ಶಾಲೆಯ ಬಣ್ಣದ ಕಾಗದ ತಂದುಕೊಟ್ಟಿದ್ದಾನೆ. "ಪ್ರೈವೇಟ್ ಪೈಲಟ್ ಲೈಸೆನ್ಸು ತೆಗೆದರೆ ಬದುಕು ಆಯಿತಪ್ಪಾ" ಅನ್ನುತ್ತಾನಂತೆ ಹುಡುಗ. ಊರಿನ ಎರಡು ಎಕರೆ ಮಾರಲೇ ಎಂದು ತಂದೆ ನನ್ನನ್ನು ಕೇಳಿದರು. ಆ ದಿನದಿಂದ ನಾನು ತಿಳಿದವರನ್ನು ಕೇಳುತ್ತ ತಿರುಗಿದ್ದೇನೆ. ಕೇಳಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಆ ಲೈಸೆನ್ಸು ಏನು ಎಂಬುದನ್ನು ಸರಿಯಾಗಿ ತಿಳಿಯೋಣ. ಖಾಸಗಿ ಪೈಲಟ್ ಲೈಸೆನ್ಸಿಗೆ 17 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಹವಾಮಾನ, ದಾರಿ ಕಂಡುಹಿಡಿಯುವ ಲೆಕ್ಕ, ಹಾರಾಟದ ಕಾನೂನು, ಇವುಗಳ ಪರೀಕ್ಷೆಯೂ ಉಂಟು. ಇಷ್ಟೆಲ್ಲ ಆದ ಮೇಲೆ ಕೈಗೆ ಬರುವ ಲೈಸೆನ್ಸಿನಲ್ಲಿ ಒಂದು ಮಾತು ಇದೆ, ಅದನ್ನು ಬಣ್ಣದ ಕಾಗದದವರು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವುದಿಲ್ಲ. ಈ ಲೈಸೆನ್ಸು ಇಟ್ಟುಕೊಂಡು ಸಂಬಳಕ್ಕೆ ವಿಮಾನ ನಡೆಸುವಂತಿಲ್ಲ. ಸ್ವಂತಕ್ಕೆ ಹಾರಬಹುದು, ಅಷ್ಟೆ. ಸಂಬಳ ಬೇಕಾದರೆ ಕಮರ್ಷಿಯಲ್ ಲೈಸೆನ್ಸು ಬೇಕು. ಅದಕ್ಕೆ 18 ವರ್ಷ, ಹನ್ನೆರಡನೆಯ ತರಗತಿ, 200 ಗಂಟೆ ಹಾರಾಟ, ಇನ್ನೂ ಬಿಗಿಯಾದ ವೈದ್ಯ ಪರೀಕ್ಷೆ. ಅದರ ಖರ್ಚು ಹತ್ತಾರು ಲಕ್ಷ. ಅದನ್ನು ಪಡೆದ ಮೇಲೂ ಒಂದೊಂದು ಜಾತಿಯ ದೊಡ್ಡ ವಿಮಾನಕ್ಕೆ ಬೇರೆ ತರಬೇತಿ, ಅದಕ್ಕೂ ಹಣ. ಎರಡು ಎಕರೆ ಮಾರಿದವನು ನಲವತ್ತು ಗಂಟೆಗೆ ನಿಂತುಬಿಟ್ಟರೆ ಅವನ ಕೈಯಲ್ಲಿ ಉಳಿಯುವುದು ಶೋಕಿಯ ಲೈಸೆನ್ಸು. ಗಲ್ಲಾ ಪೆಟ್ಟಿಗೆ ಕಂಡವರು ನಾವು, ಈ ಲೆಕ್ಕ ನಮಗೆ ಅರ್ಥವಾಗಬೇಕು.

ಭಾರತದಲ್ಲಿ ಮೊದಲ ಲೈಸೆನ್ಸು 1929ರಲ್ಲಿ ಪಡೆದವರು ಜೆ. ಆರ್. ಡಿ. ಟಾಟಾ. ಅವರಿಗೆ ಮನೆತನದ ಹಣವಿತ್ತು, ಶೋಕಿಯೂ ಇತ್ತು, ಮೂರು ವರ್ಷದಲ್ಲಿ ಅದನ್ನೇ ಟಪಾಲು ಸಾಗಿಸುವ ಉದ್ಯಮವನ್ನಾಗಿ ಮಾಡಿದರು. ಶ್ರೀಮಂತರು ಹಾರಲಿ, ಅದರಲ್ಲಿ ನನಗೆ ಹೊಟ್ಟೆಯುರಿಯಿಲ್ಲ. ಹಾರುವ ಆಸೆ ನಮ್ಮ ಮಕ್ಕಳಿಗೆ ಸಲ್ಲದು ಎಂದೂ ನಾನು ಹೇಳುವುದಿಲ್ಲ. ಇದೇ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಕಂಪನಿಯನ್ನು ನೆನೆಯಿರಿ. ಹೆಂಗಸು ಎಂಬ ಕಾರಣಕ್ಕೆ ಬೇರೆ ಕಂಪನಿಗಳು ಬಾಗಿಲು ಹಾಕಿದಾಗ ಪ್ರೇಮ್ ಮಾಥುರ್ ಅವರನ್ನು ಪೈಲಟ್ ಕೆಲಸಕ್ಕೆ ತೆಗೆದುಕೊಂಡದ್ದು ಈ ಕಂಪನಿ. 1953ರಲ್ಲಿ ಅದು ಸರ್ಕಾರದ ಇಂಡಿಯನ್ ಏರ್‌ಲೈನ್ಸಿನಲ್ಲಿ ಸೇರಿಹೋಯಿತು. 2008ರಲ್ಲಿ ಶಂಷಾಬಾದ್ ನಿಲ್ದಾಣ ತೆರೆಯುವವರೆಗೆ ಬೇಗಂಪೇಟೆಯೇ ಊರಿನ ವಿಮಾನ ನಿಲ್ದಾಣ. ಎಷ್ಟೋ ಹುಡುಗರು ಅಲ್ಲಿನ ತರಬೇತಿ ವಿಮಾನಗಳಲ್ಲಿ ಕಲಿತು ಹೋದರು. ನಮ್ಮ ಹುಡುಗರು ಬೇಲಿಯ ಈಚೆ ನಿಂತು ನೋಡಿದರು.

ಇನ್ನು ಆಟ. ಆಟವಾಡಿದರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವ ಹಿರಿಯರಿಗೆ ಈ ಊರಿನದೇ ಉತ್ತರ ಕೊಡುತ್ತೇನೆ. ಹೈದರಾಬಾದ್ ಸಿಟಿ ಪೊಲೀಸ್ ಫುಟ್‌ಬಾಲ್ ತಂಡ 1950ರಿಂದ 1954ರವರೆಗೆ ಐದು ವರ್ಷ ಸಾಲಾಗಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಪೊಲೀಸ್ ಇಲಾಖೆಯ ಪಗಾರ ಪಡೆದು ಆಡಿದ ತಂಡ ಅದು. ಅವರನ್ನು ತಯಾರು ಮಾಡಿದ ಸೈಯದ್ ಅಬ್ದುಲ್ ರಹೀಂ ಸಾಹೇಬರು ಶಾಲಾ ಮಾಸ್ತರರಾಗಿದ್ದವರು. ಅವರ ಕೈಯಲ್ಲಿ ಭಾರತ ತಂಡ 1951ರಲ್ಲಿಯೂ 1962ರಲ್ಲಿಯೂ ಏಷ್ಯನ್ ಕ್ರೀಡೆಯ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂತು.

ಸಿಕಂದರಾಬಾದಿನ ಅಮ್ಮುಗುಡದ ತುಳಸೀದಾಸ್ ಬಲರಾಂ ಅವರ ಕತೆ ನಮಗೆ ಇನ್ನೂ ಹತ್ತಿರ. ಬಡ ಮನೆಯ ಹುಡುಗ. ಎರಡು ಒಲಿಂಪಿಕ್ಸ್ ಆಡಿದರು, 1962ರ ಚಿನ್ನದಲ್ಲಿಯೂ ಇದ್ದರು. 1963ರಲ್ಲಿ ಕಾಯಿಲೆ ಹಿಡಿದು ಇಪ್ಪತ್ತೇಳರ ಆಸುಪಾಸಿನಲ್ಲೇ ಆಟ ಬಿಡಬೇಕಾಯಿತು. ಆಟ ಹೋಯಿತು, ಆದರೆ ಆಟದಿಂದ ಬಂದ ರೈಲ್ವೆ ನೌಕರಿ ಉಳಿಯಿತು. ಈ ಕತೆಯ ಎರಡು ಮುಖವನ್ನೂ ನೋಡಿ. ಮೈ ಕೈಕೊಡಬಹುದು, ಅದು ನಿಜ. ಆಡುವ ವಯಸ್ಸಿನಲ್ಲೇ ನೌಕರಿಗೆ ಕಾಲಿಟ್ಟಿದ್ದರೆ ಅನ್ನ ಹೋಗುವುದಿಲ್ಲ, ಅದೂ ನಿಜ. ರೈಲ್ವೆ, ಪೊಲೀಸು, ಸೇನೆಗಳಲ್ಲಿ ಇಂದಿಗೂ ಕ್ರೀಡಾಪಟುಗಳಿಗೆ ಭರ್ತಿ ಉಂಟು. ಪಿ. ವಿ. ಸಿಂಧು ಅವರ ತಂದೆ ತಾಯಿ ಇಬ್ಬರೂ ವಾಲಿಬಾಲ್ ಆಡಿ ರೈಲ್ವೆಯಲ್ಲಿದ್ದವರು. ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕಳಿಸಲು ಹಿಂಜರಿಯುವ ತಾಯಂದಿರು ಇದನ್ನು ಗಮನಿಸಬೇಕು.

ಹಾಗೆಂದು ಆಡಿದವರೆಲ್ಲ ಬಲರಾಂ ಆಗುವುದಿಲ್ಲ. ಹತ್ತರಲ್ಲಿ ಒಂಬತ್ತು ಮಂದಿ ಕಾಲೇಜು ತಂಡದಲ್ಲೇ ನಿಲ್ಲುತ್ತಾರೆ ಎಂದು ಇಟ್ಟುಕೊಳ್ಳಿ. ನಿಂತರೆ ಕಳೆದುಕೊಂಡದ್ದು ಏನು? ಎರಡು ಜೊತೆ ಬೂಟು, ಬಸ್ಸಿನ ಪಾಸು, ಬೆಳಗಿನ ನಿದ್ದೆ. ಜಮೀನು ಹೋಗುವುದಿಲ್ಲ. ವಿಮಾನ ಶಾಲೆಯಲ್ಲಿ ಅರ್ಧಕ್ಕೆ ನಿಂತರೆ ಜಮೀನೂ ಇಲ್ಲ, ಲೈಸೆನ್ಸೂ ಇಲ್ಲ. ಒಂದು ಶಾಲೆಯ ವಿಷಯ ಕೇಳಿದೆ, ಹೆಸರು ಬೇಡ. ಪೂರ್ತಿ ಹಣ ಮೊದಲೇ ಕಟ್ಟಿಸಿಕೊಂಡರು. ಆಮೇಲೆ ವಿಮಾನ ರಿಪೇರಿಯಲ್ಲಿದೆ ಎಂದರು, ಶಿಕ್ಷಕರು ಬಿಟ್ಟುಹೋದರು ಎಂದರು, ಮಳೆಗಾಲ ಎಂದರು. ಹುಡುಗ ಬಾಡಿಗೆ ಕೋಣೆಯಲ್ಲಿ ತಿಂಗಳುಗಟ್ಟಲೆ ಕುಳಿತ. ಯಾರೇ ಸೇರಲಿ, ಹಾರಿದಷ್ಟು ಗಂಟೆಗೆ ಹಣ ಎಂದು ಕರಾರು ಬರೆಸಿಕೊಳ್ಳಿ. ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿವೆ ಎಂದು ಕಣ್ಣಾರೆ ನೋಡಿಬನ್ನಿ.

ನಾನು ಆ ತಂದೆಗೆ ಹೇಳಿದ್ದು ಇಷ್ಟು. ಖಾಸಗಿ ಲೈಸೆನ್ಸಿಗೆ ಮೇಲಿನ ವಯಸ್ಸಿನ ಮಿತಿ ಇಲ್ಲ. ಆರೋಗ್ಯ ಇದ್ದರೆ ನಲವತ್ತರಲ್ಲಿಯೂ ಕಲಿಯಬಹುದು. ಹದಿನೇಳರ ಕಾಲು ನಲವತ್ತಕ್ಕೆ ಸಿಗುವುದಿಲ್ಲ. ಈಗ ಹುಡುಗ ಆಡಲಿ, ಜಮೀನು ಇರಲಿ. ಆಕಾಶದ ಆಸೆಯನ್ನು ಮಾತ್ರ ಕೊಲ್ಲಬೇಡಿ. ಹಣವಿಲ್ಲದವನಿಗೂ ಒಂದು ದಾರಿ ಇದೆ. ಎನ್‌ಸಿಸಿಯ ವಾಯು ವಿಭಾಗಕ್ಕೆ ಸೇರಿದ ಕೆಡೆಟ್‌ಗಳನ್ನು ಸಣ್ಣ ಮೈಕ್ರೋಲೈಟ್ ವಿಮಾನದಲ್ಲಿ ಹಾರಿಸುತ್ತಾರೆ, ಮನೆಯವರು ಲಕ್ಷ ಕಟ್ಟಬೇಕಾಗಿಲ್ಲ. ತಲೆ ತಿರುಗುತ್ತದೆಯೋ, ಧೈರ್ಯ ಬರುತ್ತದೆಯೋ ಅಲ್ಲೇ ತಿಳಿಯುತ್ತದೆ. ಅದರ ಸಿ ಪ್ರಮಾಣಪತ್ರ ಪಡೆದು ಪದವಿ ಮುಗಿಸಿದವರಿಗೆ ವಾಯುಸೇನೆಯ ಹಾರಾಟ ಶಾಖೆಗೆ ಪ್ರತ್ಯೇಕ ಪ್ರವೇಶವಿದೆ. ಆಯ್ಕೆಯಾದರೆ ಇಲ್ಲೇ ನಮ್ಮ ಪಕ್ಕದ ದುಂಡಿಗಲ್ಲಿನ ಅಕಾಡೆಮಿಯಲ್ಲಿ ತರಬೇತಿ, ಖರ್ಚೆಲ್ಲ ಸರ್ಕಾರದ್ದು. ಅದಕ್ಕೆ 20ರಿಂದ 24ರ ವಯಸ್ಸು, ಇಂಟರ್‌ನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು. ಆದ್ದರಿಂದ ಮಕ್ಕಳೇ, ಆಟದ ನೆಪದಲ್ಲಿ ಆ ಎರಡು ಪುಸ್ತಕ ಕಟ್ಟಿಡಬೇಡಿ.

ಹುಡುಗ ಸ್ವಲ್ಪ ಮುನಿಸಿಕೊಂಡಿದ್ದಾನೆ. "ಮಾಮಾ, ನೀವು ಹೋಟೆಲ್ ಲೆಕ್ಕ ಹಾಕುತ್ತೀರಿ" ಎಂದ. ಹೌದಪ್ಪ, ಅದೇ ನನಗೆ ಬರುವ ಲೆಕ್ಕ ಎಂದೆ. ಮರುದಿನ ಬೆಳಿಗ್ಗೆ ಐದೂವರೆಗೆ ಶಿಬಿರಕ್ಕೆ ಹೋಗಿದ್ದಾನೆ ಎಂದು ಅವನ ತಾಯಿ ಹೇಳಿದರು.

ಎನ್‌ಸಿಸಿ ಅರ್ಜಿ, ಕ್ರೀಡಾ ಭರ್ತಿಯ ಅರ್ಜಿ ತುಂಬಲು ತಿಳಿಯದವರು ಭಾನುವಾರ ಸಂಜೆ ಸಂಘದ ಕೋಣೆಗೆ ಬನ್ನಿ. ನನ್ನ ಇಂಗ್ಲಿಷು ಬಿಲ್ಲು ಬರೆಯುವಷ್ಟೇ. ಓದಿ ಹೇಳುವ ಇಬ್ಬರು ಕಾಲೇಜು ಹುಡುಗಿಯರು ಅಲ್ಲಿರುತ್ತಾರೆ. ಮಗನ, ಮಗಳ ಹತ್ತನೆಯ ತರಗತಿಯ ಅಂಕಪಟ್ಟಿ ಮರೆಯದೆ ತನ್ನಿ.