ಕಾಗದದ ಪೆಟ್ಟಿಗೆ ಕೆಟ್ಟಾಗ

(ಸಂಘದ ತಿಂಗಳ ಸಭೆಯಲ್ಲಿ ಸಂಘಟನಾ ಕಾರ್ಯದರ್ಶಿಗಳು ಮಾಡಿದ ಭಾಷಣ)

ಅಧ್ಯಕ್ಷರೇ, ಹೋಟೆಲುಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿದ, ದುಡಿಯುತ್ತಿರುವ ಸೋದರರೇ,

ಈ ದಿನ ನಾನು ಸಂಬಳದ ಮಾತಾಗಲಿ ರಜೆಯ ಮಾತಾಗಲಿ ಆಡಲು ನಿಂತಿಲ್ಲ. ನಮ್ಮ ಆಫೀಸಿನ ಕಂಪ್ಯೂಟರಿನ ಮಾತು ಆಡಲು ನಿಂತಿದ್ದೇನೆ. "ಕಪ್ಪು ಬಸಿ ತೊಳೆದವನಿಗೆ ಇದೆಲ್ಲ ಯಾತಕ್ಕೆ?" ಎಂದು ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. ನಗಲಿ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಇದನ್ನು ಆಸೆಪಟ್ಟು ಕಲಿಯಲಿಲ್ಲ, ಪೆಟ್ಟು ತಿಂದು ಕಲಿತೆ.

ಕಾಗದದ ಬೆಲೆ ನಮ್ಮಲ್ಲಿನ ಹಿರಿಯ ಗಿರಣಿ ಕಾರ್ಮಿಕರಿಗೆ ಚೆನ್ನಾಗಿ ಗೊತ್ತು. 1982ರ ಜನವರಿಯಲ್ಲಿ ಮುಂಬಯಿಯ ಗಿರಣಿ ಮುಷ್ಕರ ಆರಂಭವಾಯಿತು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 2012ರಲ್ಲಿ ಮ್ಹಾಡಾದವರು ಗಿರಣಿ ಕಾರ್ಮಿಕರಿಗೆಂದು ಮನೆಗಳ ಚೀಟಿ ಎತ್ತಿದಾಗ, ಗಿರಣಿಯಲ್ಲಿ ದುಡಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದಾಯಿತು, ದಾಖಲೆ ಬೇಕಾಯಿತು. ಹಳೆಯ ಟ್ರಂಕಿನಲ್ಲಿ ಚೀಟಿ ಕಾದಿಟ್ಟವನು ಗೆದ್ದ. ಗೆದ್ದಲಿಗೆ ಬಿಟ್ಟವನು ಅಲೆದ. ಇಂದು ನಮ್ಮ ಟ್ರಂಕು ಕಂಪ್ಯೂಟರಿನೊಳಗೆ ಇದೆ. ಅದಕ್ಕೂ ಗೆದ್ದಲು ಹತ್ತುತ್ತದೆ.

ಹೋದ ಮಳೆಗಾಲದ ಸಂಗತಿ. ನಮ್ಮ ಸದಸ್ಯನೊಬ್ಬ ಒಂದೇ ಹೋಟೆಲಿನಲ್ಲಿ 18 ವರ್ಷ ದುಡಿದವನು. ಬಿಡಿಸಿ ಕಳಿಸುವಾಗ ಮಾಲೀಕರು, "ಇವನು ಸೇರಿ ನಾಲ್ಕೇ ವರ್ಷ" ಎಂದರು. ಅದೇ ಮಾಲೀಕರು ಹತ್ತು ವರ್ಷದ ಹಿಂದೆ ಇವನ ಹೆಸರು ಹಾಕಿ ಸಂಘಕ್ಕೆ ಬರೆದ ಈಮೇಲು ನಮ್ಮ ಔಟ್‌ಲುಕ್ಕಿನಲ್ಲಿತ್ತು. ಸೋಮವಾರ ಮಾತುಕತೆ. ಶುಕ್ರವಾರ ಸಂಜೆ ತೆರೆದೆ. ಪರದೆ ಬೆಳ್ಳಗಾಗಿ ನಿಂತುಬಿಟ್ಟಿತು. ಹತ್ತು ನಿಮಿಷ ಕಾದೆ. ತಾಳ್ಮೆ ಕೆಟ್ಟು ಗೋಡೆಯ ಸ್ವಿಚ್ಚನ್ನೇ ಆರಿಸಿದೆ. ಮರುದಿನ ಫೈಲಿನಲ್ಲಿ ದೋಷವಿದೆ, ತೆರೆಯಲಾಗದು ಎಂಬ ಸೂಚನೆ ಬಂತು. ತಪ್ಪು ಯಂತ್ರದ್ದಲ್ಲ, ನನ್ನದು. ರೋಜಮೇಳು ಬರೆಯುತ್ತಿರುವ ಗುಮಾಸ್ತನ ಕೈಯಿಂದ ಪುಸ್ತಕ ಕಿತ್ತುಕೊಂಡ ಹಾಗೆ ಮಾಡಿದ್ದೆ. ಅರ್ಧ ಬರೆದ ಸಾಲು ಅರ್ಧದಲ್ಲೇ ಉಳಿಯಿತು.

ಹಗಲು ಬಿಲ್ಲಿನ ಗಲ್ಲಾದಲ್ಲಿ ಕೂತು ರಾತ್ರಿ ಕಂಪ್ಯೂಟರ್ ಕಲಿಯುವ ನಮ್ಮ ಹುಡುಗನೊಬ್ಬನನ್ನು ಕರೆಸಿದೆ. ಬಂದವನೇ, "ಅಣ್ಣಾ, ಏನನ್ನೂ ಅಳಿಸಬೇಡಿ, ಹೊಸದಾಗಿ ಹಾಕಲೂ ಬೇಡಿ" ಎಂದ. ಅವನು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ಔಟ್‌ಲುಕ್ಕನ್ನು ಪೂರ್ತಿ ಮುಚ್ಚಿದ. ಕಿಟಕಿ ಮುಚ್ಚಿದರೂ ಅದು ಒಳಗೆ ಓಡುತ್ತಿರಬಹುದು. ಟಾಸ್ಕ್ ಮ್ಯಾನೇಜರಿನಲ್ಲಿ ನೋಡಬೇಕು. ಎರಡನೆಯದಾಗಿ, ಕೆಟ್ಟ ಫೈಲಿಗೆ ಒಂದು ಪ್ರತಿ ತೆಗೆದ. ನಮ್ಮ ಕಾಗದವೆಲ್ಲ ಪಿಎಸ್‌ಟಿ ಎಂಬ ಬಾಲವಿರುವ ಒಂದೇ ಫೈಲಿನಲ್ಲಿರುತ್ತದೆ. ಸಾಮಾನ್ಯವಾಗಿ ಡಾಕ್ಯುಮೆಂಟ್ಸಿನೊಳಗೆ ಔಟ್‌ಲುಕ್ ಫೈಲ್ಸ್ ಎಂಬ ಜಾಗದಲ್ಲಿ ಸಿಕ್ಕುತ್ತದೆ. ಹಳೆಯ ಫ್ಯಾಟ್32 ಬಗೆಯ ಪೆನ್‌ಡ್ರೈವಿನಲ್ಲಿ 4 ಜಿಬಿಗೆ ಮೀರಿದ ಫೈಲು ಹಿಡಿಯದು. ದೊಡ್ಡ ಡಿಸ್ಕು ಬೇಕು.

ಮೂರನೆಯದಾಗಿ ರಿಪೇರಿ. ಆಫೀಸ್ ತಂತ್ರಾಂಶದ ಜೊತೆಗೇ ಸ್ಕ್ಯಾನ್‌ಪಿಎಸ್‌ಟಿ ಎಂಬ ಉಪಕರಣ ಬಂದಿರುತ್ತದೆ. ದುಡ್ಡು ಕೊಟ್ಟು ಬೇರೆ ತರಬೇಕಾಗಿಲ್ಲ. ಅದಕ್ಕೆ ಫೈಲನ್ನು ತೋರಿಸಿ ಪರೀಕ್ಷೆ ಮಾಡಿಸಬೇಕು. ತಪ್ಪು ಕಂಡರೆ, ಪ್ರತಿ ಇಡುವ ಗುರುತನ್ನು ಬಿಡದೆ ರಿಪೇರ್ ಒತ್ತಬೇಕು. ಒಂದು ಸಲಕ್ಕೆ ಗುಣವಾಗದೆ ಇರಬಹುದು. ತಪ್ಪು ಕಾಣದಾಗುವವರೆಗೆ ಮತ್ತೆ ಮತ್ತೆ ಓಡಿಸಬೇಕು. ನಾವು ನಾಲ್ಕು ಸಲ ಓಡಿಸಿದೆವು.

ಔಟ್‌ಲುಕ್ ತೆರೆಯಿತು. ಆದರೆ ಕಾಗದಗಳ ಮನೆ ಚದರಿತ್ತು. ಜಾಗ ತಪ್ಪಿದವನ್ನೆಲ್ಲ ಆ ಉಪಕರಣ 'ಲಾಸ್ಟ್ ಅಂಡ್ ಫೌಂಡ್' ಎಂಬಲ್ಲಿ ಗುಡ್ಡೆ ಹಾಕುತ್ತದೆ. ರಾತ್ರಿ ಎರಡು ಗಂಟೆಗೆ ಆ ಗುಡ್ಡೆಯಲ್ಲಿ ಮಾಲೀಕರ ಕಾಗದ ಸಿಕ್ಕಿತು. ಕೆಲವು ಬೇರೆ ಪತ್ರಗಳ ಲಗತ್ತುಗಳು ಮಾತ್ರ ಮರಳಿ ಬರಲೇ ಇಲ್ಲ. ಅದು ನನ್ನ ಸ್ವಿಚ್ಚಿಗೆ ತೆತ್ತ ದಂಡ. ಸೋಮವಾರ ಆ ಕಾಗದವನ್ನು ಮೇಜಿನ ಮೇಲೆ ಇಟ್ಟೆವು. ನಾಲ್ಕು ವರ್ಷದ ಮಾತು ಅಲ್ಲಿಗೆ ನಿಂತಿತು. ಲೆಕ್ಕದ ಮಾತು ಈಗಲೂ ನಡೆದಿದೆ.

ಇನ್ನು ಅದು ಮೊದಲು ನಿಂತದ್ದೇಕೆ? ಉಗ್ರಾಣ ತುಂಬಿದರೆ ಭಟ್ಟರಿಗೆ ಬೇಳೆ ಸಿಕ್ಕಲು ತಡವಾಗುವುದಿಲ್ಲವೇ? ಹಾಗೆಯೇ. 2002ರ ಔಟ್‌ಲುಕ್ಕಿನವರೆಗೆ ಈ ಫೈಲಿಗೆ 2 ಜಿಬಿ ಮಿತಿ ಇತ್ತು. 2003ರದರಲ್ಲಿ 20 ಜಿಬಿ, 2010ರಿಂದ 50 ಜಿಬಿ ಆಯಿತು. ಮಿತಿ ದೊಡ್ಡದಾಯಿತೆಂದು ತುಂಬಿಸುತ್ತಾ ಹೋಗಬಾರದು. ವರ್ಷಕ್ಕೊಂದು ಫೈಲು ಬೇರೆ ಮಾಡಬೇಕು. ಆ ಫೈಲನ್ನು ಬೇರೊಂದು ಕಂಪ್ಯೂಟರಿನಲ್ಲಿಟ್ಟು ತಂತಿಯ ಮೂಲಕ ತೆರೆಯಬಾರದು. ಫೈಲು ಸರಿಯಿದ್ದೂ ಔಟ್‌ಲುಕ್ ನಿಂತರೆ, ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಅದನ್ನು ತೆರೆಯಿರಿ. ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ. ಹಾಗೆ ತೆರೆದಾಗ ಸಲೀಸಾಗಿ ನಡೆದರೆ, ಮೇಲಿಂದ ಸೇರಿಕೊಂಡ ಆಡ್-ಇನ್ ಯಾವುದೋ ಅಡ್ಡಗಾಲು ಹಾಕಿದೆ ಎಂದು ತಿಳಿಯಿರಿ. ಒಂದೊಂದಾಗಿ ಆರಿಸಿ ನೋಡಿ.

ದಾದರ್ ಶಾಖೆಯವರು ಥಂಡರ್‌ಬರ್ಡ್ ಬಳಸುತ್ತಾರೆ. ಅದರಲ್ಲಿ ಅಳಿಸಿದ ಕಾಗದವೂ, ಕಾಂಪ್ಯಾಕ್ಟ್ ಮಾಡುವವರೆಗೆ, ಫೈಲಿನಲ್ಲಿ ಜಾಗ ಹಿಡಿದೇ ಇರುತ್ತದೆ. ಪಟ್ಟಿ ತಪ್ಪಾಗಿ ಕಂಡರೆ ಫೋಲ್ಡರಿನ ಪ್ರಾಪರ್ಟೀಸಿನಲ್ಲಿ ರಿಪೇರ್ ಫೋಲ್ಡರ್ ಒತ್ತಿದರೆ ಸಾಕು, ಹೊಸ ಪಟ್ಟಿ ಬರೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಪಾಪ್ ಪದ್ಧತಿಯಲ್ಲಿ ಕಾಗದ ನಮ್ಮ ಮನೆಗೆ ಬಂದಮೇಲೆ ಅಂಚೆಮನೆಯಲ್ಲಿ ಉಳಿಯದೆ ಹೋಗಬಹುದು. ಪ್ರತಿ ಉಳಿಸು ಎಂದು ಹೇಳಬೇಕು. ಐಮ್ಯಾಪ್ ಪದ್ಧತಿಯಲ್ಲಿ ಮೂಲ ಅಲ್ಲಿಯೇ ಇರುತ್ತದೆ. ನಮ್ಮಲ್ಲಿರುವ ಓಎಸ್‌ಟಿ ಫೈಲು ಅದರ ನಕಲು, ಕೆಟ್ಟರೆ ಮತ್ತೆ ತರಿಸಬಹುದು. ನಮ್ಮ ಕಾಗದ ಯಾವ ಪದ್ಧತಿಯಲ್ಲಿದೆ ಎಂದು ಪ್ರತಿ ಶಾಖೆಯೂ ಈ ವಾರವೇ ನೋಡಿಕೊಳ್ಳಬೇಕು.

ಸೋದರರೇ, ಪ್ರತಿ ಶನಿವಾರ ಔಟ್‌ಲುಕ್ ಮುಚ್ಚಿ ಆ ಫೈಲಿನ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಬೇರೆ ಮನೆಯಲ್ಲಿ ಇಡೋಣ. ಸದಸ್ಯನ ನೌಕರಿಗೆ ಸಂಬಂಧಿಸಿದ ಕಾಗದ ಬಂದ ದಿನವೇ ಅಚ್ಚು ಹಾಕಿ ಅವನ ಕೈಗೂ ಒಂದು ಕೊಡೋಣ. ಇದಕ್ಕೆ ಪ್ರತಿ ಶಾಖೆಯಿಂದ ಒಬ್ಬರು ಹೆಸರು ಕೊಡಬೇಕೆಂದು ಬೇಡುತ್ತೇನೆ. ಓದು ಕಡಿಮೆ ಎಂಬ ಸಂಕೋಚ ಬೇಡ. ನನಗೆ ಬಂದದ್ದು ನಿಮಗೂ ಬರುತ್ತದೆ. ಹದಿನೆಂಟು ವರ್ಷದ ದುಡಿಮೆ ಒಂದು ಸ್ವಿಚ್ಚಿನಲ್ಲಿ ಆರಿಹೋಗಬಾರದು.